ಮನೆಯ ಕುಂಡಗಳಲ್ಲಿ ಅಡಿಗೆಯ ಸೊಪ್ಪು

ಬಂಡಿಗಟ್ಟಲೆ ರಾಗಿ, ಜೋಳಗಳನ್ನು ಬೆಳೆದು ಪೇಟೆಗೆ ಕಳುಹಿಸುವ ಜಮೀನುದಾರರ ಮನೆಗಳಲ್ಲಿಯೂ ಒಂದು ಹಿಡಿ ಕೊತ್ತಂಬರಿ ಸೊಪ್ಪಿಗಾಗಿ ಸಂತೆಯ ದಿನವನ್ನು ಕಾಯುವುದುಂಟು. ಬೇಸಿಗೆಯಲ್ಲಿ ಬಾವಿಯ ನೀರಿಳಿದು ಹಿತ್ತಲ ಮಡಿಗಳು ಒಣಗಿದಾಗ ಸೊಪ್ಪಿನ ಬೆಲೆ ಏರುವುದು. ಕೊಂಡು ತಂದ ಸೊಪ್ಪಾದರೋ ಮರುದಿನಕ್ಕೆ ಬಾಡುವುದು. ಮಡಿಗೆ ನೀರು ಸಾಲದ ಕಾಲದಲ್ಲಿಯೂ ಕೆಲವು ಕುಂಡಗಳಿಗೆ ಬೇಕಾದ ನಾಲ್ಕಾರು ಚೆಂಬು ನೀರು ದೊರೆಯದ ಮನೆ ವಿರಳ. ಆದುದರಿಂದ ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಕರಿಬೇವುಗಳನ್ನು ಅಡಿಗೆಮನೆಯ ಬಾಗಿಲಲ್ಲೇ ಬೆಳೆದುಕೊಳ್ಳುವುದು ಸುಲಭವೂ ಲಾಭಕರವೂ ಆದ ಕಾರ್ಯ.

ಗಿಡ ಸಾಯುವುದಕ್ಕೆ ಕಾರಣ

ಈ ಪ್ರಯತ್ನವನ್ನು ಮಾಡಿ, ಗಿಡ ಸತ್ತುಹೋಗಲು, ತಮಗೆ ಕೈಗುಣವಿಲ್ಲವೆಂದು ಬಿಟ್ಟವರು ಅನೇಕರಿದ್ದಾರೆ. ದೋಷವು ಕೈಯದಲ್ಲ, ಬಹುಮಟ್ಟಿಗೆ ನೀರಿನದು. ಬೇರುಗಳಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ತಳದಲ್ಲಿ ರಂಧ್ರವಿಲ್ಲದ ಕುಂಡದಲ್ಲಿ ನೀರು ನಿಂತು, ಮಣ್ಣಿನೊಳಗಿನ ಗಾಳಿಯ ಎಡೆಗಳನ್ನು ತುಂಬಿ, ಬೇರುಗಳನ್ನು ಕೊಳೆಯಿಸುವುದು. ಆಗ ಎಲೆಗಳು ಹಳದಿಯಾಗಿ ಜೋಲುವುವು. ಇದನ್ನು ಬಾಯಾರಿಕೆಯೆಂದು ಭ್ರಮಿಸಿ ಮತ್ತಷ್ಟು ನೀರೆರೆದರೆ ಗಿಡವು ಉಳಿಯಲಾರದು. ಬೆರಳನ್ನು ಒಂದು ಅಂಗುಲ ಮಣ್ಣಿನೊಳಕ್ಕೆ ಇಳಿಸಿ ನೋಡಿ, ತೇವವಿಲ್ಲದಿದ್ದರೆ ಮಾತ್ರ ನೀರು ಕೊಡತಕ್ಕದ್ದು.

ಕುಂಡ ಮತ್ತು ಮಣ್ಣು

ಹಳೆಯ ಮಡಕೆ, ತಗಡಿನ ಡಬ್ಬಿ, ಒಡೆದ ಬಕೆಟ್ಟು ಯಾವುದಾದರೂ ಸರಿಯೇ. 8 ಅಂಗುಲ ಆಳವೂ ತಳದಲ್ಲಿ ರಂಧ್ರವೂ ಇರಬೇಕು. ರಂಧ್ರದ ಮೇಲೆ ಓಡಿನ ಚೂರನ್ನು ಕವುಚಿಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ ಇವುಗಳ ಮಿಶ್ರಣವನ್ನು ತುಂಬಬೇಕು. ಹಸಿ ಸಗಣಿಯನ್ನು ಹಾಕಕೂಡದು. ಅಕ್ಕಿ ತೊಳೆದ ನೀರನ್ನು ಉಪಯೋಗಿಸಬಹುದು. ಸಾಬೂನಿನ ನೀರು ಬೇಡ.

ನಾಲ್ಕು ಗಿಡಗಳು

ಕೊತ್ತಂಬರಿಯ ಒಂದು ಕಾಯಿಯಲ್ಲಿ ಎರಡು ಬೀಜಗಳಿರುವುವು. ಮೆಲ್ಲಗೆ ಉಜ್ಜಿ ಇವನ್ನು ಬೇರ್ಪಡಿಸಿ, ಒಂದು ರಾತ್ರಿ ನೆನೆಯಿಸಿ, ಅರ್ಧ ಅಂಗುಲ ಆಳದಲ್ಲಿ ಬಿತ್ತಬೇಕು. ಅಡಿಗೆಗೆ ತಂದ ಧನಿಯವಾದರೆ ಮೊದಲು 20 ಕಾಳುಗಳನ್ನು ಒದ್ದೆಬಟ್ಟೆಯಲ್ಲಿಟ್ಟು ಮೊಳಕೆಯನ್ನು ಪರೀಕ್ಷಿಸುವುದೊಳ್ಳೆಯದು. ಔಷಧ ಸವರಿದ ಬಿತ್ತನೆ ಬೀಜವನ್ನಾದರೋ ಅಡಿಗೆಗೆ ಎಂದಿಗೂ ಬಳಸಕೂಡದು. ಸಸಿಯನ್ನು ಕಿತ್ತು ನೆಟ್ಟರೆ ತಾಯಿಬೇರು ಘಾಸಿಗೊಳ್ಳುವುದರಿಂದ ಬಿತ್ತಿದಲ್ಲಿಯೇ ಬೆಳೆಯಬಿಡಬೇಕು. ಸುಮಾರು 30ರಿಂದ 40 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುವುದು. 15 ದಿನಗಳಿಗೊಂದರಂತೆ ಮೂರು ಕುಂಡಗಳಲ್ಲಿ ಬಿತ್ತುತ್ತ ಬಂದರೆ ಮನೆಯಲ್ಲಿ ಸೊಪ್ಪಿಗೆ ಕೊರತೆಯಿರದು. ಬಿಸಿಲು ಹೆಚ್ಚಾದರೆ ಗಿಡವು ಬೇಗನೆ ಹೂವಿಗೆ ತಿರುಗುವುದರಿಂದ ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಆವಶ್ಯಕ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ತಳಿಯನ್ನು ಪುನಃ ಪುನಃ ಕೊಯ್ಯಬಹುದು.

ಪುದೀನಕ್ಕೆ ಬೀಜ ಬೇಕಿಲ್ಲ. 4 ಅಂಗುಲದ ಬೇರುಸಹಿತವಾದ ತುಂಡುಗಳನ್ನು ನೆಟ್ಟರೆ ಸಾಕು. ಇದು ಹಬ್ಬಿ ಇತರ ಗಿಡಗಳನ್ನು ಅದುಮುವುದರಿಂದ ಪ್ರತ್ಯೇಕ ಕುಂಡ ಬೇಕು. ದೊಡ್ಡಪತ್ರೆಯೂ ತುಂಡಿನಿಂದಲೇ ಬೇರುಬಿಡುವುದು. ಅದಕ್ಕೆ ನೀರು ಕಡಿಮೆಯಿರಬೇಕು.

ಕರಿಬೇವಿಗೆ ಒಂದೂವರೆ ಅಡಿ ಆಳದ ದೊಡ್ಡ ಕುಂಡ ಬೇಕು. ಇದರ ಬೀಜವು ಬೇಗನೆ ಜೀವ ಕಳೆದುಕೊಳ್ಳುವುದರಿಂದ, ಹಣ್ಣಾದೊಡನೆ ತಿರುಳನ್ನು ತೊಳೆದು ಕೆಲವೇ ದಿನಗಳಲ್ಲಿ ಬಿತ್ತಬೇಕು. ಗಿಡವು ಮೂರಡಿ ಬೆಳೆದಾಗ ತುದಿಯನ್ನು ಚಿವುಟಿದರೆ ಪಕ್ಕದ ಕೊಂಬೆಗಳು ಒಡೆಯುವುವು. ಎಲೆ ತಿನ್ನುವ ಚಿಟ್ಟೆಯ ಹುಳುಗಳನ್ನು ಕೈಯಿಂದ ಆಯ್ದು ತೆಗೆಯಬೇಕು. ದಿನವೂ ಕೊಯ್ದು ತಿನ್ನುವ ಗಿಡಕ್ಕೆ ವಿಷೌಷಧ ತರವಲ್ಲ. ಕಿತ್ತಳೆ, ನಿಂಬೆಯ ತೋಟಗಳುಳ್ಳವರು ಮತ್ತೊಂದನ್ನು ಲಕ್ಷ್ಯದಲ್ಲಿಡಬೇಕು: ಆ ಗಿಡಗಳಿಗೆ ಗ್ರೀನಿಂಗ್ ರೋಗವನ್ನು ಸಾಗಿಸುವ ಸಿಲ್ಲಿಡ್ ಎಂಬ ಸಣ್ಣ ಕೀಟವು ಕರಿಬೇವಿನ ಎಳೆಚಿಗುರಿನಲ್ಲಿಯೂ ವೃದ್ಧಿಹೊಂದುವುದು. ಆದಕಾರಣ ಕರಿಬೇವನ್ನು ತೋಟದಂಚಿನಲ್ಲಿ ನೆಡದೆ ಮನೆಯ ಬಳಿ ಕಣ್ಣೆದುರಿನಲ್ಲಿಟ್ಟುಕೊಂಡು, ಕೀಟ ಹಿಡಿದ ಚಿಗುರನ್ನು ಚಿವುಟಿ ನಾಶಪಡಿಸುವುದು ಮೇಲು.

ಮುಖಂಡರ ಕರ್ತವ್ಯ

ಹಳ್ಳಿಯಲ್ಲಿ ಉಪದೇಶಕ್ಕಿಂತ ಕಣ್ಣಿಗೆ ಕಾಣುವ ಗಿಡವೇ ಹೆಚ್ಚು ಬೋಧಿಸುವುದು. ಗ್ರಾಮದ ಮುಖಂಡರು ತಮ್ಮ ಜಗಲಿಯ ಪಕ್ಕದಲ್ಲಿ ನಾಲ್ಕು ಕುಂಡಗಳನ್ನಿಟ್ಟು, ಪುದೀನ, ದೊಡ್ಡಪತ್ರೆಗಳ ತುಂಡುಗಳನ್ನು ಕೇಳಿದವರಿಗೆಲ್ಲ ಹಂಚಿದರೆ, ಅಂಗೈಯಗಲ ಭೂಮಿಯಿಲ್ಲದ ಮನೆಯ ಸಾರಿನಲ್ಲಿಯೂ ಹಸುರು ಸೊಪ್ಪು ಬೀಳುವುದು. ಇದಕ್ಕೆ ತಗಲುವ ವೆಚ್ಚವು ಒಂದು ಒಡಕು ಮಡಕೆ ಮಾತ್ರ.