ಒಂದೇ ಜ್ವರದಲ್ಲಿ ಎರಡು ವೈರಸ್ ಇದ್ದರೆ ಅಪಾಯವೂ ಎರಡು ಪಟ್ಟೇ?

ಮಳೆಗಾಲ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೆಗಡಿ, ಕೆಮ್ಮು, ಜ್ವರದವರ ಸಾಲು ಉದ್ದವಾಗುತ್ತದೆ. ಹೆಚ್ಚಿನವರಿಗೆ ಸಿಗುವ ಉತ್ತರ ಒಂದೇ: 'ವೈರಲ್ ಜ್ವರ'. ಆದರೆ ಅದರ ಹಿಂದೆ ಯಾವಾಗಲೂ ಒಂದೇ ವೈರಸ್ ಇರುವುದಿಲ್ಲ. ಇನ್‌ಫ್ಲುಯೆಂಜಾ, ರೈನೋವೈರಸ್, ಆರ್‌ಎಸ್‌ವಿ, ಅಡೆನೋವೈರಸ್, ಕೋವಿಡ್ ವೈರಸ್ ಇವುಗಳಲ್ಲಿ ಎರಡು ಒಟ್ಟಿಗೇ ಒಬ್ಬರಲ್ಲಿ ಇರಬಹುದು. ಇದಕ್ಕೆ ಸಹಸೋಂಕು ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚು. ಹಾಗಾದರೆ ಕಾಯಿಲೆಯೂ ಎರಡು ಪಟ್ಟಾಗುತ್ತದೆಯೇ? ನೋಡೋಣ.

ಇದು ಹೇಗೆ ಗೊತ್ತಾಗುತ್ತದೆ?

ಮೂಗು, ಗಂಟಲಿನ ದ್ರವ ತೆಗೆದು ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿದಾಗ ಮಾತ್ರ. ಈ ಪರೀಕ್ಷೆ ಹುಡುಕುವುದು ವೈರಸ್‌ನ ಆನುವಂಶಿಕ ತುಣುಕನ್ನು. ರೈನೋವೈರಸ್‌ನ ತುಣುಕುಗಳು ನೆಗಡಿ ವಾಸಿಯಾದ ಮೇಲೂ ಕೆಲವು ವಾರ ಸಿಗಬಹುದು. ಹಾಗಾಗಿ ವರದಿಯಲ್ಲಿ ಎರಡು ಹೆಸರಿದ್ದರೂ ಇಂದಿನ ಜ್ವರಕ್ಕೆ ಎರಡೂ ಕಾರಣ ಎನ್ನಲಾಗದು.

ಎರಡು ಸೇರಿದರೆ ಏನಾಗುತ್ತದೆ?

ಕೆಲವೊಮ್ಮೆ ಒಂದು ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ಮೊದಲ ವೈರಸ್ ಹೊಕ್ಕಾಗ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುಗಡೆ ಮಾಡುತ್ತವೆ. ಎರಡನೆಯದು ಬೆಳೆಯುವುದು ಆಗ ಕಷ್ಟ. 2009ರಲ್ಲಿ ಯುರೋಪಿನ ಕೆಲವೆಡೆ ಎಚ್1ಎನ್1 ಹರಡುವುದು ತಡವಾಗಲು ರೈನೋವೈರಸ್ ಕಾರಣವಿರಬಹುದು ಎಂದು ವಿಜ್ಞಾನಿಗಳು ಅಂದಾಜಿಸಿದ್ದರು.

ಎಲ್ಲ ಜೋಡಿಯೂ ಹೀಗಲ್ಲ. ಬ್ರಿಟನ್‌ನಲ್ಲಿ ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳ ಕುರಿತು 2022ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜಾ ಕೂಡ ಇದ್ದವರಿಗೆ ವೆಂಟಿಲೇಟರ್ ಬೇಕಾಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಅವರು ಆಗಲೇ ಆಸ್ಪತ್ರೆ ಸೇರಿದ್ದವರು. ಊರಿನ ಆರೋಗ್ಯ ಕೇಂದ್ರಕ್ಕೆ ನಡೆದು ಬರುವ ಎಲ್ಲರಿಗೂ ಅದನ್ನೇ ಅನ್ವಯಿಸಲಾಗದು.

ಹಾಗಾದರೆ ಎರಡು ಪಟ್ಟು ಆ್ಯಂಟಿಬಯಾಟಿಕ್ ಬೇಕೇ?

ಬೇಡ. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ ಒಂದಿರಲಿ, ಎರಡಿರಲಿ, ಅದರಿಂದ ಉಪಯೋಗವಿಲ್ಲ. ಆದರೆ ಫ್ಲೂ ಬಳಿಕ ಬ್ಯಾಕ್ಟೀರಿಯಾ ನ್ಯುಮೋನಿಯಾ ಬರಬಹುದು. ಜ್ವರ ಇಳಿದು ಎರಡು ದಿನ ಬಿಟ್ಟು ಮತ್ತೆ ಏರಿದರೆ ವೈದ್ಯರಿಗೆ ತೋರಿಸಲೇಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದು ಪರಿಹಾರವಲ್ಲ.

ಹೊಗೆಯ ಪಾತ್ರ

ಹುಣಸೂರು, ಪಿರಿಯಾಪಟ್ಟಣದ ಕಡೆ ಜ್ವರದ ಈ ದಿನಗಳಲ್ಲೇ ತಂಬಾಕು ಬೇಯಿಸುವ ಬ್ಯಾರನ್‌ಗಳೂ ಉರಿಯುತ್ತವೆ. ಸೌದೆ ಹೊಗೆ ಶ್ವಾಸನಾಳವನ್ನು ಕೆರಳಿಸಿ, ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಕೆಮ್ಮಿರುವ ಮಗುವನ್ನು ಬ್ಯಾರನ್ ಮತ್ತು ಒಲೆಯ ಹೊಗೆಯಿಂದ ದೂರವಿಡಿ.

ಯಾವಾಗ ಕಾಯಬಾರದು?

ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 2 ತಿಂಗಳೊಳಗಿನ ಮಗುವಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚಾದರೆ ಅದು ವೇಗದ ಉಸಿರಾಟ. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಕಾಡಂಚಿನ ಹಾಡಿಗಳಲ್ಲಿ ಆಸ್ಪತ್ರೆ ದೂರ. ಅಲ್ಲಿ ರಾತ್ರಿಯಾಗುವವರೆಗೆ ಕಾಯುವುದು ಬೇಡ.

ಒಟ್ಟಿನಲ್ಲಿ, ಎರಡು ವೈರಸ್ ಎಂದರೆ ಎರಡು ಪಟ್ಟು ಅಪಾಯ ಎಂಬುದು ಪೂರ್ತಿ ನಿಜವಲ್ಲ. ನಾವು ಎಣಿಸಬೇಕಾದದ್ದು ವೈರಸ್‌ಗಳನ್ನಲ್ಲ, ಮಗುವಿನ ಉಸಿರನ್ನು.