ಅಪಸ್ಮಾರದೊಡನೆ ಬಾಳುವೆ

ಸ್ಮೃತಿ ತಪ್ಪುವುದರಿಂದ ಈ ರೋಗಕ್ಕೆ ಅಪಸ್ಮಾರವೆಂದು ಆಯುರ್ವೇದದ ಆಚಾರ್ಯರು ಹೆಸರಿಟ್ಟರು. ಇಂಗ್ಲಿಷಿನ ಎಪಿಲೆಪ್ಸಿ ಎಂಬ ಪದವಾದರೋ ‘ಹಿಡಿ’ ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ್ದು. ಯಾವುದೋ ಬಂದು ಹಿಡಿಯಿತೆಂಬುದು ನೋಡುವವರ ಭಾವನೆ. ನೆನಪು ತಪ್ಪಿತೆಂಬುದು ಅನುಭವಿಸಿದವರ ಮಾತು. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಈ ರೋಗದೊಡನೆ ಬಾಳಿರುವ ನಮಗೆ ನಮ್ಮವರಿಟ್ಟ ಹೆಸರೇ ಹೆಚ್ಚು ಒಪ್ಪಿಗೆಯಾಗಿದೆ. ದೊಡ್ಡ ಮೂರ್ಛೆಯನ್ನು ನಾವು ಒಂದು ಸಲವಾದರೂ ಕಂಡಿಲ್ಲವಷ್ಟೆ! ಮನೆಯವರು ಕಂಡಿದ್ದಾರೆ, ವಿದ್ಯಾರ್ಥಿಗಳು ಕಂಡಿದ್ದಾರೆ, ಪೇಟೆಬೀದಿಯ ಅಪರಿಚಿತರೂ ಕಂಡಿದ್ದಾರೆ.

ನಮಗೆ ದಕ್ಕುವುದು ಅದರ ಎರಡು ಅಂಚುಗಳು. ಮೊದಲನೆಯದು ಕೆಲವು ಕ್ಷಣಗಳದು: ಹೊಟ್ಟೆಯ ತಳದಿಂದ ಏನೋ ಮೇಲೇರಿ ಬಂದಂತಾಗುತ್ತದೆ; ಎಲ್ಲಿಯೂ ಇಲ್ಲದ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ; ಹೊಸ ಜಾಗ ಹಿಂದೆಂದೋ ಕಂಡದ್ದೆನಿಸುತ್ತದೆ. ಆಮೇಲೆ ಪುಸ್ತಕದ ಹಾಳೆ ಹರಿದುಹೋದಂತೆ. ಕಣ್ತೆರೆದಾಗ ಸುತ್ತಲೂ ಮುಖಗಳು, ಕಚ್ಚಿಕೊಂಡ ನಾಲಿಗೆ, ಕುಟ್ಟಿದಂತೆ ನೋಯುವ ಮೈ, ಮುಷ್ಟಿಯಲ್ಲಿ ಯಾರ ಮನೆಯದೋ ಬೀಗದ ಕೈಗೊಂಚಲು. ಕಬ್ಬಿಣ ಹಿಡಿಸಿದರೆ ಮೂರ್ಛೆ ತಿಳಿಯುವುದೆಂದು ನಮ್ಮ ಜನರ ನಂಬಿಕೆ. ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಮೂರ್ಛೆ ತಾನಾಗಿಯೇ ನಿಲ್ಲುತ್ತದೆ; ಕೀರ್ತಿ ಬೀಗದ ಕೈಗೆ ಸಲ್ಲುತ್ತದೆ.

ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಗೂ ಈ ರೋಗವಿದ್ದಿತು. 1868–69ರಲ್ಲಿ ಪ್ರಕಟವಾದ ‘ದಿ ಈಡಿಯಟ್’ ಕಾದಂಬರಿಯ ನಾಯಕ ಮಿಶ್ಕಿನನಿಗೆ ಮೂರ್ಛೆಯ ಮುಂಚಿನ ಕ್ಷಣದಲ್ಲಿ ಅಪಾರವಾದ ಆನಂದವೂ ಬೆಳಕೂ ತೋರುತ್ತವೆ. ನಮಗೆ ದೊರೆತದ್ದು ಸುಟ್ಟ ವಾಸನೆ. ಪ್ರತಿಭೆಗೆ ತಕ್ಕ ಪ್ರಸಾದವೆಂದುಕೊಂಡಿದ್ದೇವೆ.

ಈ ಭೇದಕ್ಕೆ ಕಾರಣವುಂಟು. ಮಿದುಳಿನ ಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಪರಸ್ಪರ ವ್ಯವಹರಿಸುತ್ತವೆ. ಸಭೆ ಆರಂಭವಾಗುವ ಮುನ್ನ ಜನ ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವಂತೆ ಅದು. ಮೂರ್ಛೆಯಲ್ಲಿ ಅಸಂಖ್ಯ ಕೋಶಗಳು ಒಮ್ಮೆಗೇ ಕೂಗೆಬ್ಬಿಸುತ್ತವೆ. ಕೂಗು ವಾಸನೆಗೆ ಸಂಬಂಧಿಸಿದ ಭಾಗದಲ್ಲಿ ಹುಟ್ಟಿದರೆ ವಾಸನೆ, ಕೈಯನ್ನಾಡಿಸುವ ಭಾಗದಲ್ಲಾದರೆ ಕೈಸೆಳೆತ. ಮಿದುಳಿನ ಎರಡು ಪಾರ್ಶ್ವಗಳಿಗೂ ಹಬ್ಬಿದರೆ ಎಚ್ಚರವೇ ಹೋಗುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದಲೇ ದಾಖಲಿಸಿದನು. ಅಲ್ಲಿಂದೀಚೆಗೆ ಈ ಕೋಲಾಹಲವನ್ನು ಕಾಗದದ ಮೇಲೆ ಗೆರೆಗಳಾಗಿ ನೋಡುವುದು ಸಾಧ್ಯವಾಯಿತು.

ಮೂರ್ಛೆಯ ನಿಮಿಷಗಳಿಗಿಂತ ನಡುವಣ ದಿನಗಳೇ ಭಾರ. ಬಚ್ಚಲಿನ ಅಗುಳಿ ಹಾಕುವಂತಿಲ್ಲ, ಒಬ್ಬರೇ ಕೆರೆಗೆ ಇಳಿಯುವಂತಿಲ್ಲ, ಗುಳಿಗೆಯನ್ನು ಒಂದು ಹೊತ್ತೂ ಮರೆಯುವಂತಿಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ನೂರರಲ್ಲಿ 70 ಮಂದಿಯವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಳಿಗೆಗೆ ಬಗ್ಗದಿರುವುದು ಜನರ ಅಂಜಿಕೆ. ಹಿಂದೂ ವಿವಾಹ ಶಾಸನದ ಷರತ್ತುಗಳಲ್ಲಿದ್ದ ಅಪಸ್ಮಾರದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಹೆಣ್ಣು ನೋಡುವ ಶಾಸ್ತ್ರದ ಷರತ್ತುಗಳಲ್ಲಿ ಅದು ಇನ್ನೂ ಉಳಿದಿದೆ.

ಶ್ರೋತೃಗಳೇ, ನಿಮ್ಮೆದುರಿನಲ್ಲಿ ಯಾರಾದರೂ ಹೀಗೆ ಬಿದ್ದರೆ, ಮೈಯನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ತಲೆಯಡಿಗೆ ಮಡಿಸಿದ ಬಟ್ಟೆಯಿಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಾದ ಮೇಲೆ, ಕಂಡದ್ದನ್ನು ಕಂಡಂತೆಯೇ ಹೇಳಿ. ಎಷ್ಟು ಹೊತ್ತು ನಡೆಯಿತು, ಯಾವ ಕೈ ಮೊದಲು ಸೆಳೆಯಿತು, ಕತ್ತು ಯಾವ ಕಡೆಗೆ ತಿರುಗಿತು ಎಂದು ವೈದ್ಯರು ನಮ್ಮನ್ನು ಕೇಳುತ್ತಾರೆ, ನಮ್ಮಲ್ಲಿ ಉತ್ತರವಿರುವುದಿಲ್ಲ.