ಕಮಾನಿನೊಳಗಿಂದ ಕಂಡ ಆಸ್ಮಾನ

ಅಂಗೈಯಗಲದ ಹಳೆಯ ಅಂಚೆ ಕಾರ್ಡು. ಅಂಚು ಹಳದಿಗಟ್ಟಿದೆ, ಒಂದು ಮೂಲೆ ಸವೆದು ದುಂಡಾಗಿದೆ. ಆದರೆ ಅದರ ಮೇಲಿನ ಕಪ್ಪು ಬಿಳುಪು ಚಿತ್ರ! ಬೋಳು ಬಯಲು, ಎತ್ತರದ ಕಟ್ಟೆ, ಅದರ ಮೇಲೆ ದೈತ್ಯ ಗುಂಬಜ್ ಹೊತ್ತು ನಿಂತ ಚೌಕ ಕಟ್ಟಡ. ಬೀದರಿನ ಜನ ದಿನಾ ಬೆಳಗ್ಗೆ ವಾಕಿಂಗ್ ಹೋಗುವ ಬರೀದ್ ಶಾಹಿ ಪಾರ್ಕಿನ ನಟ್ಟನಡುವಿನ, ಬೀದರಿನ ದೊರೆ ಅಲಿ ಬರೀದನ ಗೋರಿ ಅದು!

ಈ ಕಾರ್ಡು ಭಾಲ್ಕಿಯ ನಿವೃತ್ತ ಮಾಸ್ತರೊಬ್ಬರ ಆಲ್ಬಮ್ಮಿನಲ್ಲಿತ್ತು. ಅವರು ಭೂತಗನ್ನಡಿ ಕೈಗಿಟ್ಟು, "ನೋಡ್ರಿ, ಈ ಕಡೀದಿಂದ ಆ ಕಡೀಗಿ ಆಸ್ಮಾನ ಕಾಣ್ತದ" ಅಂದರು.

ಹೌದಲ್ಲ! ಕಮಾನಿನಾಚೆ ಇರಬೇಕಾದ ಕತ್ತಲೆಯೇ ಇಲ್ಲ. ನಾಲ್ಕೂ ದಿಕ್ಕಿಗೆ ಎತ್ತರದ ಕಮಾನು, ನಾಲ್ಕೂ ತೆರೆದೇ ಇವೆ. ಗೋರಿಯೆಂದರೆ ಮುಚ್ಚಿದ ಕೋಣೆ ಎಂದುಕೊಂಡವರಿಗೆ ಇದೊಂದು ಅಚ್ಚರಿ. ಗಾಳಿ ಬೆಳಕು ಎರಡೂ ಸರಾಗವಾಗಿ ಹಾದುಹೋಗುವಂತೆ ದೊರೆಯೊಬ್ಬ ತನ್ನ ಕೊನೆಯ ಮನೆ ಕಟ್ಟಿಸಿಕೊಂಡಿದ್ದಾನೆ. ಒಳಗೆ ನುಣುಪಾದ ಕಪ್ಪು ಕಲ್ಲಿನ ಸಮಾಧಿ. ತಲೆಯೆತ್ತಿದರೆ ಗೋಡೆಯ ಮೇಲ್ಭಾಗದಲ್ಲಿ ಬಣ್ಣದ ಟೈಲ್ಸು, ಅವುಗಳಲ್ಲಿ ಕೂಡಿಸಿದ ಪಾರ್ಸಿ ಸಾಲುಗಳು, ಕವಿ ಅತ್ತಾರನವು. ಕಾರ್ಡಿನಲ್ಲಿ ಇದೊಂದೂ ಕಾಣದು. ಹೋಗಿಯೇ ನೋಡಬೇಕು, ಕತ್ತು ನೋಯುವವರೆಗೆ ನೋಡಬೇಕು.

ಇದನ್ನು ಕಟ್ಟಿಸಿದ್ದು ಅವನ ಮಕ್ಕಳಲ್ಲ, ಸ್ವತಃ ಅಲಿ ಬರೀದನೇ. 1577ರ ಹೊತ್ತಿಗೆ ಕೆಲಸ ಮುಗಿಯಿತು, ಅವನು ತೀರಿಕೊಂಡದ್ದು 1580ರಲ್ಲಿ. ಯಾಕಿಷ್ಟು ಮುಂಜಾಗ್ರತೆ? ಅಲ್ಲೇ ಹತ್ತಿರದಲ್ಲಿ ಅವನ ತಂದೆ ಅಮೀರ್ ಬರೀದನ ಗೋರಿಯಿದೆ, ಗುಂಬಜ್ ಇಲ್ಲದೆ. 1542ರಲ್ಲಿ ಅವನು ತೀರಿಕೊಂಡ ಮೇಲೆ ಅದು ಅರ್ಧಕ್ಕೇ ನಿಂತಿತು. ಮೂವತ್ತೆಂಟು ವರ್ಷ ಆಳಿದ ಮಗ ಆ ಬೋಳು ಗೋಡೆಗಳನ್ನು ಎಷ್ಟು ಸಲ ನೋಡಿರಬೇಡ! ನೋಡಿಯೇ ನಿಶ್ಚಯಿಸಿದನೆಂದು ನನ್ನ ಗಟ್ಟಿ ನಂಬಿಕೆ.

ಇನ್ನೂ ಒಂದಿದೆ. ಚಿತ್ರದಲ್ಲಿ ಸುತ್ತ ಬಯಲು ಕಂಡರೂ ಈ ಗೋರಿ ಹುಟ್ಟಿದ್ದೇ ತೋಟದ ನಡುವೆ, ನಾಲ್ಕು ಭಾಗದ ಚಾರ್‌ಬಾಗ್‌ನ ಮಧ್ಯದಲ್ಲಿ. ಹಾಗಾದರೆ ಇಂದಿನ ಹುಲ್ಲುಹಾಸು, ಮರಗಿಡ, ಓಡುವ ಮಕ್ಕಳು ಯಾವುದೂ ಹೊರಗಿನಿಂದ ಬಂದ ಅಲಂಕಾರವಲ್ಲ. ಕಟ್ಟಡಕ್ಕೆ ಅದರ ತೋಟ ಮರಳಿ ಸಿಕ್ಕಿದೆ!

ಮಾಸ್ತರರು ಪುಟ ತಿರುವಿದರು. ಅಲ್ಲಿ ಹಳೆಯ ಸ್ಟಾಂಪುಗಳು. ಬೀದರ್ ಆಗ ಸೇರಿದ್ದ ನಿಜಾಮರ ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು, ತನ್ನದೇ ಸ್ಟಾಂಪುಗಳಿದ್ದವು. 1931ರ ಸಾಲಿನಲ್ಲಿ ಒಂದು ಆಣೆಗೆ ಚಾರ್‌ಮಿನಾರ್, ಎಂಟು ಆಣೆಗೆ ಅಜಂತಾ, 12 ಆಣೆಗೆ ನಮ್ಮ ಬೀದರ್! ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಉಗುರಗಲದ ಕೆಂಪು ಕಾಗದದ ಮೇಲೆ ನಿಂತಿದೆ.

ಔರಾದ್, ಭಾಲ್ಕಿ ಕಡೆಯಿಂದ ಬಸ್ಸಿನಲ್ಲಿ ಬಂದವರಿಗೆ ಬೀದರಿನ ಹೊಸ ಬಸ್ ನಿಲ್ದಾಣದಿಂದ ಬರೀದ್ ಶಾಹಿ ಪಾರ್ಕು ದೂರವೇನಲ್ಲ. ಹಾಗೆಯೇ ಅಟ್ಟದ ಟ್ರಂಕುಗಳನ್ನೂ ಒಮ್ಮೆ ತೆರೆಯಿರಿ. ಇಂಥ ಕಾರ್ಡು ಸಿಕ್ಕರೆ ರದ್ದಿಗೆ ಹಾಕಬೇಡಿ, ಹಿಂದೆ ಮುಂದೆ ಎರಡೂ ಬದಿಯ ಫೋಟೊ ತೆಗೆದಿಡಿ. ಭೂತಗನ್ನಡಿ ಹಿಡಿದು ಆ ಕಮಾನನ್ನು, ಕಟ್ಟೆಯನ್ನು, ಹೊರಗೋಡೆಯ ಗೂಡುಗಳನ್ನು ಒಂದೊಂದಾಗಿ ಹುಡುಕಿ.